ಬಾಳೆ ಬಿದ್ದ ದಿಕ್ಕು

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ನಮ್ಮ ಕಡೆಯ ರೈತರು ಹೇಳುವುದುಂಟು. ಈ ಸಲ ಮೇ ತಿಂಗಳ ಮೊದಲ ಶನಿವಾರ ಭರಣಿ ಮಳೆಯೇನೋ ಬಂದಿತು; ಆದರೆ ಅದಕ್ಕೆ ಹತ್ತು ನಿಮಿಷ ಮೊದಲು ಬಂದ ಗಾಳಿ, ಮಳವಳ್ಳಿ ತಾಲ್ಲೂಕಿನಲ್ಲಿ ಬನ್ನೂರಿನ ದಿಕ್ಕಿಗಿರುವ ನನ್ನ ಹೆಂಡತಿಯ ಚಿಕ್ಕಮ್ಮನ ಊರಿನಲ್ಲಿ ನಿಂತ ಬೆಳೆಯನ್ನೆಲ್ಲ ಮಲಗಿಸಿಬಿಟ್ಟಿತ್ತು. ನೂರಿಪ್ಪತ್ತು ಮನೆಗಳ ಆ ಊರಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಮರುದಿನದಿಂದಲೇ ಫೋನು ಎತ್ತಿ ಹಿಡಿದುಕೊಂಡು ಬರುವವರ ಕಾಟ ಸಾಕಾಗಿದೆ, ನೀವಾದರೂ ಹೆಸರು ಹಾಕಬೇಡಿ ಎಂದು ಅಲ್ಲಿಯವರು ಕೇಳಿಕೊಂಡಿದ್ದಾರೆ.

ಭಾನುವಾರ ಬೆಳಿಗ್ಗೆ ಚಿಕ್ಕತ್ತೆ ಫೋನು ಮಾಡಿದಾಗ ಹೇಳಿದ್ದು ಒಂದೇ ಮಾತು: "ಸುಂಟರಗಾಳಿ ಅಳಿಯಂದ್ರೆ, ಕೊಟ್ಟಿಗೆ ಶೀಟ್ನೆಲ್ಲಾ ಎತ್ಕಂಡ್ ಓಯ್ತು." ಮೈಸೂರಿನಲ್ಲಿ ಪದವಿಪೂರ್ವ ತರಗತಿಗಳಿಗೆ ಭೌತಶಾಸ್ತ್ರ ಹೇಳಿಕೊಡುವ ನನಗೆ ಆ ಪದ ತಲೆಯೊಳಗೆ ಕೂತುಬಿಟ್ಟಿತು. ಕೊಯ್ಲಾದ ಹೊಲದಲ್ಲಿ ನಡುಮಧ್ಯಾಹ್ನ ತರಗೆಲೆಯನ್ನು ಎತ್ತಿಕೊಂಡು ಕುಣಿಯುವುದನ್ನೂ ನಾವು ಸುಂಟರಗಾಳಿ ಎನ್ನುತ್ತೇವೆ. ಮೋಡದ ಹೊಟ್ಟೆಯಿಂದ ಸೊಂಡಿಲಿನಂತೆ ಇಳಿದು ಊರನ್ನೇ ಎತ್ತುವ ಟಾರ್ನೆಡೊವನ್ನೂ ಹಾಗೆಯೇ ಕರೆಯುತ್ತೇವೆ. ಮೊದಲನೆಯದು ಕಾದ ನೆಲದಿಂದ ಮೇಲೇಳುತ್ತದೆ, ಅದಕ್ಕೆ ಮೋಡವೇ ಬೇಕಿಲ್ಲ. ಎರಡನೆಯದು ಗುಡುಗಿನ ಮೋಡವಿಲ್ಲದೆ ಹುಟ್ಟುವುದಿಲ್ಲ. ಚಿಕ್ಕತ್ತೆಯ ಊರಿಗೆ ಬಂದದ್ದು ಯಾವುದು ಎಂಬ ಪ್ರಶ್ನೆಯನ್ನು ಹೊತ್ತುಕೊಂಡು, ನಷ್ಟವಾದವರ ಮನೆಗೆ ಹೋಗುವಾಗ ಇಂಥ ಕುತೂಹಲ ಸಲ್ಲದೆಂದು ಗೊತ್ತಿದ್ದೂ, ಹೆಂಡತಿಯೊಂದಿಗೆ ಹೊರಟೆ.

ಮೊದಲ ದಿನ, ಮಂಗಳವಾರ

ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನ ಮೂರರ ಮೇಲೆಯೇ ಬರುವುದರಿಂದ ಬೆಳಿಗ್ಗೆ ಎಂಟಕ್ಕೆಲ್ಲ ಮೈಸೂರು ಬಿಟ್ಟೆವು. ಅಕ್ಕಿ, ಬೇಳೆ ಕಟ್ಟಿಸಲು ಹೊರಟಿದ್ದ ನನ್ನನ್ನು ತಡೆದು, ಏನು ಬೇಕೆಂದು ಹೆಂಡತಿ ಚಿಕ್ಕಮ್ಮನನ್ನೇ ಕೇಳಿದ್ದು ಒಳ್ಳೆಯದಾಯಿತು. ಊಟಕ್ಕೆ ಅಲ್ಲಿ ಕೊರತೆ ಇರಲಿಲ್ಲ. ಬೇಕಾಗಿದ್ದದ್ದು ಟಾರ್ಪಾಲು, ಹಗ್ಗ, ಮೇಣದಬತ್ತಿ ಮತ್ತು ಫೋನಿಗೆ ಜೀವ ತುಂಬುವ ಪವರ್ ಬ್ಯಾಂಕು. ಅವುಗಳ ಜತೆಗೆ ದಪ್ಪ ಅಟ್ಟೆಯ ಬೂಟನ್ನೂ ಹಾಕಿಕೊಳ್ಳಬೇಕಿತ್ತೆಂದು ಅಲ್ಲಿ ಇಳಿದ ಮೇಲೆ ತಿಳಿಯಿತು.

ಬನ್ನೂರಿಗೆ ಮೊದಲು ಸಿಗುವ ಕಾವೇರಿ ಸೇತುವೆಯ ಮೇಲೆ ಗಾಡಿ ನಿಧಾನ ಮಾಡಿ ನೋಡಿದರೆ, ಬೇಸಿಗೆಯ ನದಿ ಬಂಡೆಗಳ ಸಂದಿಯಲ್ಲಿ ತೆಳ್ಳಗೆ ಹರಿಯುತ್ತಿತ್ತು. ಬನ್ನೂರಿನವರೆಗೂ ಒಂದು ಎಲೆ ಅಲುಗಿದ ಗುರುತಿರಲಿಲ್ಲ. ಅಲ್ಲಿ ಇಡ್ಲಿ ತಿಂದ ಹೋಟೆಲಿನ ಯಜಮಾನರನ್ನು ವಿಚಾರಿಸಿದಾಗ, "ನಮ್ಗೆ ಬರೀ ನಾಕು ಹನಿ ಸಾರ್. ಆ ಕಡೀಕೆ ಗೆರೆ ಎಳ್ದಂಗೆ ಒಡ್ದೈತೆ" ಎಂದರು. ಗೆರೆ ಎಂಬ ಅವರ ಮಾತು ಲೆಕ್ಕಾಚಾರಕ್ಕೂ ಸರಿಹೊಂದುತ್ತದೆ. ನಮ್ಮ ರಾಜ್ಯದಲ್ಲಿ ಮಳೆಯನ್ನು ಅಳೆಯುವ ಮಾಪಕ ಗ್ರಾಮ ಪಂಚಾಯಿತಿಗೊಂದರಂತೆ ಇದ್ದರೆ, ಗಾಳಿಯ ವೇಗ ಅಳೆಯುವ ಹವಾಮಾನ ಕೇಂದ್ರ ಇರುವುದು ಹೋಬಳಿಗೊಂದರಂತೆ. ಅರ್ಧ ಕಿಲೋಮೀಟರ್ ಅಗಲದ ಗಾಳಿ ಅಂಥ ಎರಡು ಕೇಂದ್ರಗಳ ನಡುವೆ ಯಾರ ಕಣ್ಣಿಗೂ ಬೀಳದೆ ನುಸುಳಿಹೋಗಬಲ್ಲದು.

ಬನ್ನೂರು ದಾಟಿ ಕಿರುಗಾವಲಿನ ದಿಕ್ಕಿಗೆ ಸ್ವಲ್ಪ ದೂರ ಸಾಗಿ, ಮುಖ್ಯರಸ್ತೆ ಬಿಟ್ಟು ಒಳದಾರಿ ಹಿಡಿದ ಮೇಲೆ ಮೊದಲು ಕಂಡದ್ದು ಮಲಗಿದ ಕಬ್ಬು. ಬಾಚಣಿಗೆಯಿಂದ ಬಾಚಿದಂತೆ ಒಂದೇ ಕಡೆಗೆ ಒರಗಿದ್ದ ಗದ್ದೆಯ ಪಕ್ಕದಲ್ಲೇ, ಒಂದು ಬದುವಿನಷ್ಟು ಆಚೆ, ಇನ್ನೊಬ್ಬರ ಕಬ್ಬು ಏನೂ ಆಗದಂತೆ ನಿಂತಿತ್ತು. ಆಮೇಲೆ ಸುಳಿ ಮುರಿದ ತೆಂಗುಗಳು, ತುದಿಯಲ್ಲಿ ಹುರಿಗೊಂಡ ವಿದ್ಯುತ್ ಕಂಬಗಳು, ಒಣಗಿದ ಕಿರುನಾಲೆಯಲ್ಲಿ ಮಗುಚಿ ಬಿದ್ದ ಕಪ್ಪು ನೀರಿನ ಟ್ಯಾಂಕು. ಬಾಳೆ ತೋಟಗಳನ್ನಂತೂ ನೋಡಲಾಗುತ್ತಿರಲಿಲ್ಲ. ಬಾಳೆಯ ಬೇರು ಆಳಕ್ಕಿಳಿಯುವುದಿಲ್ಲ, ಕಾಂಡವೆನ್ನುವುದು ನಿಜವಾಗಿ ಎಲೆಬುಡಗಳ ಸುರುಳಿ ಮಾತ್ರ. ಅದರ ನೆತ್ತಿಯಲ್ಲಿ ಬಲಿಯುತ್ತಿರುವ ಗೊನೆಯ ಭಾರವೂ ಇರುವಾಗ ಗಾಳಿಯ ಎದುರು ನಿಲ್ಲುವುದು ಅದರ ಕೈಲಾಗದ ಕೆಲಸ. ಕೊಟ್ಟ ಊರುಗೋಲುಗಳ ಸಮೇತ ಗಿಡಗಳು ಉರುಳಿದ್ದವು.

"ಬಾ ಮಗ, ಬನ್ನಿ ಅಳಿಯಂದ್ರೆ" ಎಂದು ಚಿಕ್ಕತ್ತೆ ಎದುರುಗೊಂಡರು. ಅವರ ಹಿತ್ತಲಿನ ಹನ್ನೊಂದು ತೆಂಗು ಬಿದ್ದಿದ್ದವು, ಅಂಗಳದ ತುಂಬ ಎಳನೀರಿನ ರಾಶಿ. ಬಂದವರಿಗೆಲ್ಲ ಎರಡೆರಡು ಕೊಚ್ಚಿಕೊಡುತ್ತಿದ್ದರು. ಮಧ್ಯಾಹ್ನ ರಾಗಿಮುದ್ದೆಗೆ ಉಪ್ಸಾರು, ಖಾರ, ಬಾಳೆದಿಂಡಿನ ಪಲ್ಯ, ಗಾಳಿಗೆ ಉದುರಿದ ಮಾವಿನಕಾಯಿಯ ಗೊಜ್ಜು. ನಾಲ್ಕು ದಿನದಿಂದ ಊರಿನ ಪ್ರತಿ ಮನೆಯಲ್ಲೂ ಇದೇ ಅಡುಗೆಯಂತೆ. ನಷ್ಟವನ್ನೇ ಉಣ್ಣುತ್ತಿರುವ ಮನೆಯಲ್ಲಿ ಎರಡನೆಯ ಸಲ ಪಲ್ಯ ಬಡಿಸಿಕೊಳ್ಳಲು ನನಗೆ ಸಂಕೋಚವಾಯಿತು. ರುಚಿಯಾಗಿತ್ತೆಂದು ಹೇಳಲು ಇನ್ನಷ್ಟು ಸಂಕೋಚವಾಯಿತು.

ಕರೆಂಟು ಇರಲಿಲ್ಲ. ರಾತ್ರಿ ಜಗಲಿಯ ಮೇಲೆ ಮೇಣದಬತ್ತಿಯ ಬೆಳಕಿನಲ್ಲಿ ಕೂತಾಗ, ಹಗಲೆಲ್ಲ ಮೌನವಾಗಿದ್ದ ಚಿಕ್ಕಮಾವ ಶನಿವಾರದ ಸಂಜೆಯ ಸಂಗತಿ ಹೇಳಿದರು. ನಾಲ್ಕೂವರೆಯ ಹೊತ್ತಿಗೆ ಮೂಡಲ ದಿಕ್ಕಿನಲ್ಲಿ ಮೋಡ ಕಪ್ಪಾಗಿ ಎದ್ದು ನಿಂತಿತ್ತು, ಎಲೆಯೊಂದೂ ಅಲುಗುತ್ತಿರಲಿಲ್ಲ, ಕಟ್ಟಿದ್ದ ಹಸುಗಳು ಹಗ್ಗ ಜಗ್ಗುತ್ತಿದ್ದವು. ಮಳೆಗೆ ಮೊದಲೇ ಶಬ್ದ ಬಂದಿತು. ಹತ್ತು ಆಲೆಮನೆಯ ಗಾಣ ಒಟ್ಟಿಗೆ ತಿರುಗಿದ ಹಾಗೆ, ಎಂದರು. "ಎಲೆಅಡ್ಕೆ ಬಾಯ್ಗ್ ಆಕಂಡಿದ್ದೆ. ಉಗ್ಯದ್ರೊಳಗೆ ಮುಗುದೋಯ್ತು." ಪ್ರಾಣಹಾನಿ ಆಗಲಿಲ್ಲ. ಒಬ್ಬ ಅಜ್ಜಿಯ ಭುಜಕ್ಕೆ ಪೆಟ್ಟಾಗಿತ್ತು, ಗೋಡೆ ಬಿದ್ದು ಒಂದು ಬಂಡೂರು ಕುರಿ ಸತ್ತಿತ್ತು. ಈ ತಳಿಯ ಮೂಲ ಊರಾದ ಬಂಡೂರು ಇದೇ ಮಳವಳ್ಳಿ ತಾಲ್ಲೂಕಿನಲ್ಲಿದೆ; ಗಿಡ್ಡ ಕಾಲಿನ ಆ ಕುರಿಯ ಮೇಲೆ ಇಲ್ಲಿಯವರಿಗಿರುವ ಅಭಿಮಾನ ಗೊತ್ತಿಲ್ಲದವರಿಗೆ, ಚಿಕ್ಕಮಾವ ಅದರ ಸಾವನ್ನು ಹೇಳುವಾಗ ದನಿ ತಗ್ಗಿಸಿದ್ದು ಅರ್ಥವಾಗಲಿಕ್ಕಿಲ್ಲ.

ಎರಡನೆಯ ದಿನ, ಬುಧವಾರ

ಬೆಳಿಗ್ಗೆ ಭಾವಮೈದನ ಮಗನನ್ನು ಜತೆ ಮಾಡಿಕೊಂಡು ಊರು ಸುತ್ತಲು ಹೊರಟೆ. ಈಗಷ್ಟೇ ಪಿಯುಸಿ ಮುಗಿಸಿದ ಹುಡುಗ. ನಮ್ಮ ದೇಶದಲ್ಲೂ ಟಾರ್ನೆಡೊ ಬರುತ್ತದೆಯೇ ಮಾವ ಎಂದು ಕೇಳಿದ. ಬರುತ್ತದೆ. 1978ರ ಮಾರ್ಚ್ 17ರಂದು ದೆಹಲಿಯ ಉತ್ತರ ಭಾಗಕ್ಕೇ ಬಂದು 28 ಜನರನ್ನು ಕೊಂದಿತ್ತು. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ಸಾಟೂರಿಯಾ ಪ್ರದೇಶಕ್ಕೆ ಬಂದದ್ದರಲ್ಲಿ ಸತ್ತವರು ಸುಮಾರು 1,300 ಮಂದಿ. ಜಗತ್ತಿನ ಅತಿ ಘೋರ ಟಾರ್ನೆಡೊ ಎಂದು ಎಣಿಕೆಯಾಗುವುದು ಅದೇ. ದಕ್ಷಿಣದಲ್ಲಿ ಅಪರೂಪ, ಆದರೆ ಅಪರೂಪವೆಂದರೆ ಇಲ್ಲವೆಂದಲ್ಲ.

ಬಂದುಹೋದ ಗಾಳಿ ಯಾವುದೆಂದು ಆಮೇಲೆ ಹೇಗೆ ತಿಳಿಯುವುದು ಎಂದ. ಅದಕ್ಕಾಗಿಯೇ ಹೊರಟಿದ್ದವನು ನಾನು. ಜಪಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಟೆಟ್ಸುಯಾ ಫುಜಿಟಾ ಎಂಬ ವಿಜ್ಞಾನಿ, 1945ರಲ್ಲಿ ನಾಗಸಾಕಿಯ ಮೇಲೆ ಬಿದ್ದ ಅಣುಬಾಂಬಿನ ಹಾನಿಯನ್ನು ಅಧ್ಯಯನ ಮಾಡಿದ್ದ. ಮರಗಳು ಒಂದು ಬಿಂದುವಿನಿಂದ ಸುತ್ತಲೂ ಹೊರಮುಖವಾಗಿ ಬಿದ್ದಿದ್ದ ಆ ಚಿತ್ರ ಅವನ ಮನಸ್ಸಿನಲ್ಲಿ ಉಳಿದಿತ್ತು. ಮುಂದೆ 1971ರಲ್ಲಿ, ಹಾನಿ ನೋಡಿ ಟಾರ್ನೆಡೊದ ಬಲ ಅಂದಾಜಿಸುವ ಮಾಪನವನ್ನು ರೂಪಿಸಿದವನೂ ಅವನೇ. ಕೆಲವು ಬಿರುಗಾಳಿಗಳ ನಂತರ ಮರಗಳು ತಿರುಚಿಕೊಂಡಿರದೆ ನಾಗಸಾಕಿಯಲ್ಲಿ ಕಂಡಂತೆ ಹೊರಮುಖವಾಗಿ ಬಿದ್ದಿರುವುದನ್ನು ಗುರುತಿಸಿ, ಇದು ಸುತ್ತುವ ಗಾಳಿಯಲ್ಲ, ಮೋಡದಿಂದ ನೇರ ಕೆಳಕ್ಕೆ ಸುರಿದ ಗಾಳಿ ಎಂದ. ಡೌನ್‌ಬರ್ಸ್ಟ್ ಎಂದು ಅದಕ್ಕೆ ಹೆಸರಿಟ್ಟ. ಕೊಡದ ನೀರನ್ನು ಅಂಗಳದ ಮೇಲೆ ಒಮ್ಮೆಲೇ ಸುರಿದರೆ ಅದು ನೆಲಕ್ಕೆ ಬಡಿದು ಸುತ್ತ ಚೆಲ್ಲುತ್ತದಲ್ಲ, ಹಾಗೆ. ಮಳೆಹನಿ ಆವಿಯಾಗುತ್ತ ತಣ್ಣಗಾದ ಗಾಳಿ ಭಾರವಾಗಿ ಕುಸಿಯುತ್ತದೆ. ನೆಲ ಮುಟ್ಟಿದ ಮೇಲೆ ಅದಕ್ಕೆ ಹೋಗಲು ಜಾಗವಿರುವುದು ಪಕ್ಕಕ್ಕೆ ಮಾತ್ರ. ಬಿದ್ದ ಮರಗಳು ಬೀಸಣಿಗೆಯಂತೆ ಹರಡಿಕೊಂಡಿದ್ದರೆ ಡೌನ್‌ಬರ್ಸ್ಟ್, ಒಂದು ಪಟ್ಟಿಯ ಕಡೆಗೆ ಎರಡೂ ಬದಿಯಿಂದ ಒಳಮುಖವಾಗಿ ಬಿದ್ದಿದ್ದರೆ ಸುಂಟರಗಾಳಿ. ಹುಡುಗನಿಗೆ ಇದು ಹಿಡಿಸಿತು. ನೋಟ್‌ಬುಕ್ಕಿನಲ್ಲಿ ಊರಿನ ನಕ್ಷೆ ಬರೆದು, ಪ್ರತಿ ತೋಟದಲ್ಲಿ ಬಾಳೆ ಬಿದ್ದ ದಿಕ್ಕಿಗೆ ಬಾಣದ ಗುರುತು ಹಾಕುತ್ತ ಹೊರಟೆವು.

ಎರಡು ಗಂಟೆ ಹೀಗೆ ಬೆವರು ಸುರಿಸಿದ ಮೇಲೆ ನಕ್ಷೆ ನೋಡಿದರೆ ಬಾಣಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಎಲ್ಲ ಕಡೆಗೂ ಚುಚ್ಚಿಕೊಂಡಿದ್ದವು. ಬದುವಿನ ಮೇಲೆ ಬೀಡಿ ಸೇದುತ್ತ ಕೂತಿದ್ದ ವೃದ್ಧರೊಬ್ಬರು ನನ್ನ ಫೋನಿನ ದಿಕ್ಸೂಚಿಯನ್ನು ನೋಡಿ, "ಅಲ್ಲಾ ಸಾಮಿ, ಒತ್ತು ಉಟ್ಟೋದು ಆ ಕಡೆ. ನಿಮ್ ಡಬ್ಬಿ ಈ ಕಡೆ ಮೂಡ್ಲು ಅಂತದಲ್ಲ" ಎಂದರು. ಫೋನಿನ ಕವಚಕ್ಕೆ ಮುಚ್ಚಲು ಅಯಸ್ಕಾಂತವಿತ್ತು. ದಿಕ್ಸೂಚಿಗೆ ಉತ್ತರವೆನ್ನುವುದು ಆ ಅಯಸ್ಕಾಂತವೇ ಆಗಿಹೋಗಿತ್ತು. ಇಪ್ಪತ್ತೆರಡು ವರ್ಷದಿಂದ ಕಾಂತಕ್ಷೇತ್ರದ ಪಾಠ ಮಾಡುತ್ತಿರುವವನು ನಾನೆಂಬುದನ್ನು ಅವರಿಗೆ ಹೇಳಲಿಲ್ಲ, ಪಕ್ಕದಲ್ಲಿದ್ದ ಹುಡುಗ ಹೇಳಿದ. ಅವರು ನಗಲಿಲ್ಲ. ಎದ್ದು ಬಂದು ನಮ್ಮೊಂದಿಗೆ ನಡೆದರು. ಹಾಳೆಯನ್ನು ಹರಿದು, ಸೂರ್ಯನನ್ನೂ ಅವರ ಕೈಬೆರಳನ್ನೂ ನಂಬಿ, ಮತ್ತೆ ಮೊದಲಿನಿಂದ ಗುರುತು ಹಾಕಿದೆವು.

ಈ ಸಲ ಚಿತ್ರ ಮೂಡಿತು. ಊರಿನ ನಡುಭಾಗದ ತೋಟಗಳಲ್ಲಿ ಬಾಳೆ ನೇರ ಪಡುವಲಿಗೆ ಬಿದ್ದಿದ್ದರೆ, ಬಡಗಲ ಗದ್ದೆಗಳಲ್ಲಿ ವಾಯವ್ಯಕ್ಕೆ, ತೆಂಕಲ ಕಡೆ ನೈಋತ್ಯಕ್ಕೆ ಬಿದ್ದಿತ್ತು. ಬೀಸಣಿಗೆಯೇ. ಸುರಿದ ಗಾಳಿಯೇ. ನಾನು ಗೆದ್ದವನಂತೆ ನೋಟ್‌ಬುಕ್ಕು ಮಡಚುವಷ್ಟರಲ್ಲಿ ಆ ಹಿರಿಯರು, "ಕೆರೆ ಏರಿ ಕೆಳ್ಗಡೆ ನೋಡ್ದೆ ಓಯ್ತೀರಾ?" ಎಂದರು.

ಕೆರೆಯ ಕೆಳಗೆ ಐವತ್ತು ಅರವತ್ತು ಹೆಜ್ಜೆ ಅಗಲದ ಒಂದು ಪಟ್ಟಿಯಲ್ಲಿ ಕಥೆ ಬೇರೆಯಾಗಿತ್ತು. ಅಲ್ಲಿ ಬಾಳೆಗಳು ಎರಡು ಬದಿಯಿಂದಲೂ ಒಂದರ ಮೇಲೊಂದು ಅಡ್ಡಡ್ಡ ಬಿದ್ದಿದ್ದವು. ಒಂದು ಹೊಂಗೆಮರದ ಕೊಂಬೆ ಬಟ್ಟೆ ಹಿಂಡಿದಂತೆ ತಿರುಚಿ ಸಿಗಿದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಪಡುವಲಿಗೆ ಹಾರಬೇಕಾಗಿದ್ದ ಚಿಕ್ಕತ್ತೆಯ ಕೊಟ್ಟಿಗೆಯ ಜಿಂಕ್ ಶೀಟು, ಚಿಕ್ಕಮಾವ ಬಣ್ಣದಲ್ಲಿ ಬರೆದಿದ್ದ ಗುರುತಿನ ಸಮೇತ, ಮೂಡಲಿಗೆ ಎರಡು ಗದ್ದೆ ಆಚೆ ಕುರಿ ಕಾಯುವವರೊಬ್ಬರಿಗೆ ಸಿಕ್ಕಿತ್ತು. ಗಾಳಿ ತಾನು ಬಂದ ದಾರಿಯ ಕಡೆಗೇ ಶೀಟನ್ನು ಎಸೆದಿತ್ತು. ಸುರಿದ ಗಾಳಿ ಹೊರಕ್ಕೆ ಓಡುವಾಗ ಅದರ ಮುಂದಂಚಿನಲ್ಲಿ ಸಣ್ಣ ಸುಳಿಗಳು ಏಳುವುದುಂಟು. ಅವು ಮೋಡಕ್ಕೆ ಅಂಟಿಕೊಂಡಿರುವುದಿಲ್ಲ, ಕೆಲವೇ ನಿಮಿಷ ಬದುಕುತ್ತವೆ. ಇಲ್ಲಿ ಆದದ್ದು ಅದಿರಬಹುದು. ಹಾಗೆಂದು ಹುಡುಗನಿಗೆ ಹೇಳಿದಾಗ, "ಅಂದ್ರೆ ಅಜ್ಜಿ ಏಳಿದ್ದೂ ಸರಿ, ನೀವ್ ಏಳಿದ್ದೂ ಸರಿ" ಎಂದು ತೀರ್ಪು ಕೊಟ್ಟ. ಚಿಕ್ಕತ್ತೆ ಕಂಡದ್ದು ಕೆರೆಯ ಕಡೆಯ ಗಾಳಿ. ಅವರ ಕೊಟ್ಟಿಗೆ ಇರುವುದೂ ಆ ಅಂಚಿನಲ್ಲೇ.

ಮಧ್ಯಾಹ್ನ ಊರೊಳಗೆ ಹೋದೆವು. ಹೊಸದಾಗಿ ಸಿಮೆಂಟ್ ಶೀಟು, ಜಿಂಕ್ ಶೀಟು ಹೊದಿಸಿದ ಮನೆಗಳಿಗೆ ಹೆಚ್ಚು ಹಾನಿಯಾಗಿತ್ತು. ನಾಡಹೆಂಚಿನ ಹಳೆಯ ತೊಟ್ಟಿಮನೆಯ ಹೆಂಚುಗಳು ಜಾರಿ ಒಡೆದಿದ್ದರೂ ಮಾಡು ಮಾತ್ರ ತನ್ನ ಜಾಗದಲ್ಲೇ ಇತ್ತು. ಗಾಳಿ ಮಾಡಿನ ಮೇಲೆ ವೇಗವಾಗಿ ಹರಿದಾಗ ಅಲ್ಲಿ ಒತ್ತಡ ತಗ್ಗುತ್ತದೆ, ತೆರೆದ ಬಾಗಿಲಿನಿಂದ ನುಗ್ಗಿದ ಗಾಳಿ ಒಳಗಿನಿಂದ ಮೇಲಕ್ಕೆ ದಬ್ಬುತ್ತದೆ. ಹಗುರವಾದ, ಸಂದಿಯಿಲ್ಲದ, ಗೋಡೆಯಿಂದ ಮುಂದಕ್ಕೆ ಚಾಚಿದ ಶೀಟು ಇಡಿಯಾಗಿ ಎದ್ದುಬಿಡುತ್ತದೆ. ನೂರು ಸಂದಿಗಳಿರುವ ಭಾರದ ಹೆಂಚಿನ ಮಾಡು ಉಸಿರಾಡಿಕೊಂಡು ಉಳಿಯುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುವುದರಿಂದ, ಪ್ರತಿ ವರ್ಷದ ಗಾಳಿಗೆ ಜಗ್ಗದಿದ್ದ ಶೀಟು ಈ ಸಲ ಹಾರಿತೆಂದರೆ ಆಶ್ಚರ್ಯವಿಲ್ಲ. ಶೀಟು ಹಾರದಿರಲೆಂದು ಮೇಲಿಟ್ಟ ಕಲ್ಲುಗಳೇ ಒಳಗೆ ಬಿದ್ದಿದ್ದವು. ಅಜ್ಜಿಯ ಭುಜಕ್ಕೆ ಬಿದ್ದದ್ದೂ ಅಂಥದ್ದೇ ಕಲ್ಲು. ಆಕೆ ನನ್ನನ್ನು ಕೂರಿಸಿಕೊಂಡು ಆ ಕಲ್ಲನ್ನು ತೋರಿಸಿದರು. ಈಗ ಅದರ ಮೇಲೆ ಬೆಳ್ಳುಳ್ಳಿ ಜಜ್ಜುತ್ತಿದ್ದಾರೆ.

ಊರಿನ ನಡುವಿನ ಅರಳಿಕಟ್ಟೆಯ ಬಳಿ ಜನ ಸೇರಿದ್ದರು. ಅರಳಿ ಬೇವುಗಳಿಗೆ ಹಿಂದೆಂದೋ ಮದುವೆ ಮಾಡಿಸಿದ್ದ ಕಟ್ಟೆ ಅದು. ಬೇವು ನಿಂತಿತ್ತು, ಅರಳಿ ಬುಡ ಸಮೇತ ಎದ್ದು, ನಾಗರಕಲ್ಲುಗಳ ಮೇಲೆ ಮಲಗಿ, ರಸ್ತೆಗೆ ಅಡ್ಡವಾಗಿತ್ತು. ಐದನೆಯ ದಿನವಾದರೂ ಅದನ್ನು ಕಡಿಯಲು ಊರಿನವರಾರೂ ಕೊಡಲಿ ಎತ್ತಿರಲಿಲ್ಲ. ಹಾಲಿನ ಗಾಡಿ ಗದ್ದೆಯಲ್ಲಿ ಸುತ್ತಿಕೊಂಡು ಬರುತ್ತಿತ್ತು. ಜೆಸಿಬಿ ಬಂದು ನಿಂತಿದ್ದರೂ ಓಡಿಸುವ ಹುಡುಗ ಕೆಳಗಿಳಿದು ಚಪ್ಪಲಿ ಬಿಟ್ಟು ದೂರ ನಿಂತಿದ್ದ. ಪೂಜಾರಪ್ಪನವರು ಬಂದು ಬುಡಕ್ಕೆ ಹಾಲೆರೆದು, ಅರಿಸಿನ ಕುಂಕುಮವಿಟ್ಟು, ಅಪ್ಪಣೆ ಕೇಳಿದ ಮೇಲೆಯೇ ಮೊದಲ ಕೊಂಬೆ ಕತ್ತರಿಸಿದ್ದು. ಆ ಸೌದೆಯನ್ನು ಒಲೆಗೆ ಹಾಕಬಾರದೆಂದು ಎಲ್ಲವನ್ನೂ ಕೆರೆಯ ಅಂಗಳಕ್ಕೆ ಸಾಗಿಸಿದರು. ನಾಗರಕಲ್ಲುಗಳಲ್ಲಿ ಒಂದು ಮುಕ್ಕಾಗಿತ್ತು. ಜನ ಗುಂಪಾಗಿ ಬಗ್ಗಿ ನೋಡಿದರು, ಆದರೆ ಯಾರೂ ಅದರ ವಿಚಾರ ಮಾತಾಡಲಿಲ್ಲ. ಫೋನು ತೆಗೆಯಲು ಜೇಬಿಗೆ ಹೋಗಿದ್ದ ನನ್ನ ಕೈಯನ್ನು ಹೆಂಡತಿ ಸುಮ್ಮನೆ ಹಿಡಿದುಕೊಂಡಳು.

ಮೂರನೆಯ ದಿನ, ಗುರುವಾರ

ಗ್ರಾಮ ಆಡಳಿತ ಅಧಿಕಾರಿ ಹತ್ತು ಗಂಟೆಗೆ ಸ್ಕೂಟರಿನಲ್ಲಿ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಟೋಪಿಯೂ ಇಲ್ಲದೆ ಬಿಸಿಲಿನಲ್ಲಿ ಗದ್ದೆ ಗದ್ದೆ ತಿರುಗಿ, ಫೋಟೊ ತೆಗೆದು, ಅರಳಿಯಿಲ್ಲದ ಕಟ್ಟೆಯ ಮೇಲೆ ಕೂತು ಮಹಜರು ಬರೆದರು. ಚಿಕ್ಕಮಾವನ ಪಹಣಿ ಇನ್ನೂ ಅವರ ತಂದೆಯ ಹೆಸರಿನಲ್ಲಿತ್ತು. ಪೌತಿ ಖಾತೆ ಮಾಡಿಸಿಕೊಳ್ಳಿ ಎಂದು ಹೋದ ವರ್ಷವೇ ಹೇಳಿದ್ದೆನಲ್ಲ ಎಂದು ಆಕೆ ಬೇಸರದಿಂದಲೇ ನೆನಪಿಸಿದರು. ಹೇಳಿದ್ದು ನಿಜವಂತೆ.

ಲೆಕ್ಕ ಹೀಗಿತ್ತು. ವಿಪತ್ತು ಪರಿಹಾರಕ್ಕೆ 2022ರಿಂದ 2026ರವರೆಗೆ ಗೊತ್ತುಮಾಡಿದ ಕೇಂದ್ರದ ಮಾನದಂಡದ ಪ್ರಕಾರ, ಶೇಕಡಾ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾಳಾಗಿದ್ದರೆ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ, ತೆಂಗಿನಂಥ ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಎರಡು ಹೆಕ್ಟೇರಿಗೆ ಮಿತಿ. ಎಕರೆಗೆ ಇಳಿಸಿದರೆ ನೀರಾವರಿ ಬೆಳೆಗೆ ಏಳು ಸಾವಿರಕ್ಕೂ ಒಂದಿಷ್ಟು ಕಡಿಮೆ. ಆರಡಿಗೆ ಆರಡಿ ಅಂತರದಲ್ಲಿ ನೆಟ್ಟರೆ ಎಕರೆಗೆ 1,210 ಬಾಳೆ ಹಿಡಿಸುತ್ತವೆ. ಅಂದರೆ ಹತ್ತು ತಿಂಗಳು ಸಾಕಿದ ಒಂದು ಗಿಡಕ್ಕೆ ಆರು ರೂಪಾಯಿಯೂ ಬರುತ್ತಿರಲಿಲ್ಲ. ಹುಡುಗ ಈ ಲೆಕ್ಕವನ್ನು ಬಾಣಗಳ ನಕ್ಷೆಯ ಹಿಂಬದಿಯಲ್ಲೇ ಮಾಡಿ ತಾತನಿಗೆ ತೋರಿಸಿದ. "ಊರ್‌ಗೋಲಿನ ದುಡ್ಡೂ ಉಟ್ಟಕಿಲ್ಲ ಬುಡು" ಎಂದಷ್ಟೇ ಹೇಳಿ ಚಿಕ್ಕಮಾವ ಸಹಿ ಹಾಕಿದರು.

ಅವರಾದರೂ ಸಹಿ ಹಾಕಿದರು. ನಾಲ್ಕು ಮನೆ ಆಚೆಯ ಅಕ್ಕನೊಬ್ಬರಿಗೆ ಅದೂ ಇಲ್ಲ. ಗಂಡನಿಲ್ಲದ ಆಕೆ ಬೆಂಗಳೂರಿನಲ್ಲಿರುವವರ ಒಂದು ಎಕರೆಯನ್ನು ಗುತ್ತಿಗೆಗೆ ಮಾಡಿ, ಕೈಸಾಲ ತಂದು ಬಾಳೆ ಹಾಕಿದ್ದರು. ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿರುವವರ ಖಾತೆಗೆ. ಗುತ್ತಿಗೆಗೆ ಕಾಗದಪತ್ರ ಇರಲಿಲ್ಲ. ಬಲಿಯದ ಗೊನೆಗಳನ್ನು ವ್ಯಾಪಾರಿಯೊಬ್ಬ ಕಿಲೋಗೆ ಐದು ರೂಪಾಯಿಯಂತೆ ಕೇಳಿದ್ದನಂತೆ, ಮರುದಿನ ಮೂರಕ್ಕೆ ಇಳಿಸಿದನಂತೆ. ನನ್ನ ಹೆಂಡತಿ ಆಕೆಯ ಎದುರೇ ಜಮೀನಿನವರಿಗೆ ಫೋನು ಮಾಡಿದಳು. ನೋಡೋಣ ಎಂದರು ಅವರು. ಫೋನಿಟ್ಟ ಮೇಲೆ ಮೂವರೂ ಸ್ವಲ್ಪ ಹೊತ್ತು ಮಾತಿಲ್ಲದೆ ಕೂತಿದ್ದೆವು. ಆಕೆ ಎದ್ದು ಒಳಗಿನಿಂದ ಮಜ್ಜಿಗೆ ತಂದುಕೊಟ್ಟರು.

ಮಹಜರಿನಲ್ಲಿ ಹಾನಿಯ ಕಾರಣ ಬರೆಯುವಾಗ ನಾನು ಮೂಗು ತೂರಿಸಿದೆ. 2022ರಿಂದ 2026ರವರೆಗಿನ ಆ ಮಾನದಂಡದಲ್ಲಿ ಕೇಂದ್ರದ ಪಟ್ಟಿಯಲ್ಲಿದ್ದ ಹನ್ನೆರಡು ವಿಕೋಪಗಳಲ್ಲಿ ಚಂಡಮಾರುತ, ಬರ, ಪ್ರವಾಹ, ಆಲಿಕಲ್ಲು, ಮೇಘಸ್ಫೋಟ, ಕೀಟಬಾಧೆ, ನಮ್ಮ ಕಡೆ ಕನಸಿನಲ್ಲೂ ಬಾರದ ಹಿಮಕುಸಿತ ಎಲ್ಲವೂ ಇದ್ದವು. ಬರಿಯ ಗಾಳಿಗೆ ಅಲ್ಲಿ ಹೆಸರಿರಲಿಲ್ಲ. ಸ್ಥಳೀಯ ವಿಕೋಪವೆಂದು ರಾಜ್ಯಗಳು ತಾವೇ ಗುರುತಿಸಿ ನಿಧಿಯ ಶೇಕಡಾ ಹತ್ತರವರೆಗೆ ಖರ್ಚು ಮಾಡಲು ಅವಕಾಶವಿತ್ತು. ನೀವು ಏನೆಂದು ಬರೆಯುತ್ತೀರಿ ಎಂದು ಕೇಳಿದೆ. ನಮ್ಮ ನಕ್ಷೆಯನ್ನು ಆಕೆ ನಿಜವಾದ ಆಸಕ್ತಿಯಿಂದ ನೋಡಿದರು, ಕೆರೆಯ ಕೆಳಗಿನ ಅಡ್ಡಾದಿಡ್ಡಿ ಬಾಣಗಳ ಬಗ್ಗೆ ಕೇಳಿದರು. ಆಮೇಲೆ, "ಸುಂಟರಗಾಳಿ ಅಂತ ಬರೆದರೆ ಮೇಲಿನವರು ನನ್ನನ್ನೇ ಪ್ರಶ್ನೆ ಕೇಳ್ತಾರೆ ಸಾರ್" ಎಂದು "ಭಾರಿ ಗಾಳಿ ಮಳೆ" ಎಂದು ಬರೆದರು. ಆಕೆಯ ಜಾಗದಲ್ಲಿ ನಾನಿದ್ದರೂ ಹಾಗೆಯೇ ಬರೆಯುತ್ತಿದ್ದೆ.

ಸಂಜೆ ಆಲೆಮನೆಗೆ ಹೋದೆವು. ಮಾಡು ಹಾರಿಹೋಗಿ, ಹೊಗೆ ಕೊಳವೆ ಮುರಿದು ಬಿದ್ದಿದ್ದರೂ ಕೊಪ್ಪರಿಗೆ ಅಲುಗಿರಲಿಲ್ಲ. ಮಲಗಿದ ಕಬ್ಬನ್ನು ಹೆಚ್ಚು ದಿನ ಬಿಡುವಂತಿಲ್ಲ. ನೆಲ ಮುಟ್ಟಿದ ಗಿಣ್ಣುಗಳಲ್ಲಿ ಬೇರು, ಮೊಳಕೆ ಬಂದು ಸಿಹಿ ಇಳಿಯುತ್ತದೆ, ಇಲಿಗಳೂ ಸೇರಿಕೊಳ್ಳುತ್ತವೆ. ಹಾಗಾಗಿ ಆಕಾಶವನ್ನೇ ಮಾಡು ಮಾಡಿಕೊಂಡು ಅಂದು ಬೆಳಿಗ್ಗೆಯಿಂದ ಗಾಣ ಹೂಡಿದ್ದರು. ಬಾಗಿದ ಕಬ್ಬು ಗಾಣದ ಬಾಯಿಗೆ ಸರಿಯಾಗಿ ಕೂರದೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಬಿಸಿಬೆಲ್ಲವನ್ನು ಬಾಳೆಲೆಯ ಚೂರಿನ ಮೇಲೆ ಹಾಕಿಕೊಟ್ಟರು. ತಿನ್ನುತ್ತಿರುವಾಗಲೇ ಮೂಡಲಲ್ಲಿ ಮೋಡ ಎದ್ದಿತು.

ಆಗ ಊರು ನಡೆದುಕೊಂಡ ರೀತಿಯನ್ನು ಮರೆಯಲಾರೆ. ಯಾರೂ ಕೂಗಲಿಲ್ಲ. ಒಲೆಯ ಬೆಂಕಿ ತಗ್ಗಿಸಿದರು, ಹಸುಗಳನ್ನು ಬಿಚ್ಚಿ ಬಯಲಿಗೆ ಬಿಟ್ಟರು, ಮಕ್ಕಳನ್ನೂ ಮುದುಕರನ್ನೂ ತಾರಸಿಯ ಶಾಲೆಗೆ ಕರೆದೊಯ್ದರು. ಯಾವ ತರಬೇತಿಯೂ ಇಲ್ಲದೆ ಐದೇ ದಿನದಲ್ಲಿ ಕಲಿತ ಕ್ರಮ ಅದು. ಉಳಿದವರು ಬಾಗಿಲಲ್ಲಿ ನಿಂತು ಮೋಡವನ್ನೇ ನೋಡುತ್ತಿದ್ದರು. ಸಿಡಿಲಿನ ಮುನ್ಸೂಚನೆ ಕೊಡುವ ದಾಮಿನಿ ಆ್ಯಪನ್ನು ಹುಡುಗನ ಫೋನಿಗೆ ಹಾಕಿಕೊಡಲು ಹೋದೆ, ಸಿಗ್ನಲ್ ಇರಲಿಲ್ಲ. ಹತ್ತು ನಿಮಿಷ ದೂಳು ಎದ್ದಿತು, ನಾಲ್ಕಾರು ದಪ್ಪ ಹನಿ ಬಿದ್ದವು, ಮೋಡ ತೆಂಕಲಿಗೆ ಸರಿದುಹೋಯಿತು. ರಾತ್ರಿ ಒಂಬತ್ತಕ್ಕೆ, ಐದು ದಿನಗಳ ಮೇಲೆ, ಕರೆಂಟು ಬಂದಾಗ ಊರಿಗೆ ಊರೇ ಹೋ ಎಂದಿತು. ಕಂಬದ ಮೇಲಿದ್ದ ಲೈನ್‌ಮನ್‌ಗಳಿಗೆ ಚಿಕ್ಕತ್ತೆ ಎಳನೀರು ಕಳಿಸಿದರು.

ನಾಲ್ಕನೆಯ ದಿನ, ಶುಕ್ರವಾರ

ಹೊರಡುವ ಮೊದಲು ಕೊಟ್ಟಿಗೆಯ ಮಾಡು ಹೊದಿಸಲು ಕೈಜೋಡಿಸಿದೆ. ಶೀಟಿಗೆ ಮೊಳೆ ಹೊಡೆಯುವುದು ಬೇಡ, ಅಡ್ಡಪಟ್ಟಿಯನ್ನು ಸುತ್ತಿ ಹಿಡಿಯುವ ಜೆ ಬೋಲ್ಟ್ ಹಾಕೋಣ, ಅಂಚಿನ ಕಡೆ ಹೆಚ್ಚು ಹಾಕೋಣ, ಮೇಲೆ ಕಲ್ಲು ಮಾತ್ರ ಇಡುವುದು ಬೇಡ ಎಂದು ಹೇಳಿದ ನನ್ನ ಮಾತುಗಳಲ್ಲಿ ಮೊದಲ ಎರಡನ್ನು ಚಿಕ್ಕಮಾವ ಒಪ್ಪಿದರು. ಮೂಡಲಿಗೆ ಹಾರಿದ್ದ ಶೀಟು ಮೂಲೆಯಲ್ಲಿ ಮಡಚಿಕೊಂಡಿತ್ತು. ಅದನ್ನು ಸುತ್ತಿಗೆಯಿಂದ ತಟ್ಟಿ ನೇರ ಮಾಡಿ ಮೊದಲಿನ ಜಾಗಕ್ಕೇ ಕೂರಿಸಿದರು. ನಾವು ಬೇಡವೆಂದರೂ ಕಾರಿನ ಹಿಂದೆ ಎರಡು ಬಾಳೆಗೊನೆ, ಹದಿನೈದು ತೆಂಗಿನಕಾಯಿ, ಒಂದು ಅಚ್ಚು ಬೆಲ್ಲ ತುಂಬಿದರು. ಕೈಸಾಲದ ಅಕ್ಕನಿಂದ ಹತ್ತು ಗೊನೆಯನ್ನು ನಾವೇ ಕೇಳಿ ಕೊಂಡೆವು. ಅಷ್ಟು ಬಾಳೆಕಾಯಿಯನ್ನು ಮೈಸೂರಿನಲ್ಲಿ ಏನು ಮಾಡುವುದೆಂದು ದಾರಿಯುದ್ದಕ್ಕೂ ಹೆಂಡತಿ ನೆಂಟರ ಮನೆಗಳನ್ನು ಲೆಕ್ಕ ಹಾಕುತ್ತಿದ್ದಳು.

ಸೋಮನಾಥಪುರ ಹತ್ತಿರವೇ ಇದ್ದರೂ ಅತ್ತ ತಿರುಗುವ ಮನಸ್ಸಾಗಲಿಲ್ಲ. ಬನ್ನೂರು ಸೇರುವಷ್ಟರಲ್ಲಿ ಕಾರಿನ ಹಿಂದಿನ ಚಕ್ರ ಮೆತ್ತಗಾಗಿ ಗಾಡಿ ಒಂದು ಬದಿಗೆ ಎಳೆಯತೊಡಗಿತು. ಪಂಕ್ಚರ್ ಅಂಗಡಿಯ ಹುಡುಗ ಟೈರನ್ನು ನೀರಿನಲ್ಲಿ ತಿರುಗಿಸಿ, ಇಕ್ಕಳ ಹಾಕಿ, ಎರಡು ಅಂಗುಲದ ಒಂದು ಮೊಳೆಯನ್ನು ಎಳೆದು ತೆಗೆದ. ಶೀಟಿಗೆ ಹೊಡೆಯುವ ಮೊಳೆ, ಟೋಪಿಯಂತೆ ವಾಷರ್ ಸಮೇತ. "ಆ ಊರಿಂದ ಬಂದ್ರಾ ಸಾರ್?" ಎಂದು ಕೇಳಿ, ಬಡುವಿನ ಮೇಲಿದ್ದ ಖಾಲಿ ಗ್ರೀಸ್ ಡಬ್ಬವನ್ನು ತೆಗೆದು ಅಲುಗಿಸಿ ತೋರಿಸಿದ. ಅರ್ಧ ಡಬ್ಬ ಅಂಥವೇ ಮೊಳೆಗಳು, ಶನಿವಾರದಿಂದೀಚೆಗೆ ಕೂಡಿಟ್ಟದ್ದು.

ಚಟ ಬಿಡಬೇಕಲ್ಲ, ಇವೆಲ್ಲ ಊರಿನ ಯಾವ ದಿಕ್ಕಿನ ರಸ್ತೆಯಲ್ಲಿ ಸಿಕ್ಕವೆಂದು ಗಾಡಿಯವರು ಹೇಳಿದರೇ ಎಂದು ವಿಚಾರಿಸಿದೆ.

"ದಿಕ್ಕು ಎಲ್ಲೈತೆ ಸಾರ್, ಎಲ್ಲಾ ಕಡೆಯಿಂದ್ಲೂ ಬತ್ತಾವೆ" ಎಂದು ನನ್ನ ಮೊಳೆಯನ್ನೂ ಡಬ್ಬಕ್ಕೆ ಹಾಕಿ, ಟೈರಿಗೆ ಗಾಳಿ ಹಿಡಿಯತೊಡಗಿದ.